ಹೆಚ್ಚುವರಿ ಪಾಳಿಗೆ ಬರಲೇಬೇಕೆಂದು ಆದೇಶ ಬಂದಾಗ: ನೌಕರರ ಹಕ್ಕುಗಳೇನು, ಅವುಗಳನ್ನು ಚಲಾಯಿಸುವ ಕ್ರಮವೇನು

ಪಾಳಿ ಮುಗಿಯಲು ಅರ್ಧ ಗಂಟೆ ಉಳಿದಿರುವಾಗ ಮೇಲ್ವಿಚಾರಕರು ಬಂದು, ಮುಂದಿನ ಪಾಳಿಯವರು ಬಂದಿಲ್ಲ, ನೀವೇ ಮುಂದುವರಿಸಬೇಕು ಎನ್ನುತ್ತಾರೆ. ಇಲ್ಲವೇ ವಾರದ ರಜೆಯ ಹಿಂದಿನ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ, ನಾಳೆ ಎಲ್ಲರೂ ಕಡ್ಡಾಯವಾಗಿ ಹಾಜರಾಗಬೇಕು ಎಂಬ ಸೂಚನೆ ಬರುತ್ತದೆ. ಆಗ ಹೆಚ್ಚಿನವರಿಗೆ ತೋಚುವುದು ಎರಡೇ ದಾರಿ: ತಲೆಯಾಡಿಸಿ ದುಡಿಯುವುದು, ಅಥವಾ ಆಗುವುದಿಲ್ಲವೆಂದು ಹೇಳಿ ಕೆಲಸ ಹೋದೀತೆಂದು ಹೆದರುತ್ತ ಕೂರುವುದು. ಈ ಎರಡರ ನಡುವೆ ಕಾನೂನು ಸಾಕಷ್ಟು ಜಾಗವನ್ನು ಬಿಟ್ಟಿದೆ. ಆ ಜಾಗವನ್ನು ಬಳಸಿಕೊಳ್ಳಬೇಕಾದರೆ, ಆದೇಶವನ್ನು ಇಡಿಯಾಗಿ ನೋಡದೆ, ಗಂಟೆಗಳ ಮಿತಿ, ಒಪ್ಪಿಗೆ, ವಿಶ್ರಾಂತಿ, ಕೂಲಿ ಎಂದು ಬಿಡಿಸಿ ನೋಡುವುದನ್ನು ರೂಢಿಸಿಕೊಳ್ಳಬೇಕು. ಈ ಪೈಕಿ ಯಾವುದಾದರೂ ಒಂದರಲ್ಲಿ ನಿಯಮ ಮುರಿದಿದ್ದರೂ ನಿಮ್ಮ ಮಾತಿಗೆ ಬಲ ಬರುತ್ತದೆ. ಸಾಮಾನ್ಯವಾಗಿ ಜನ ಕೂಲಿಯ ವಿಚಾರದಲ್ಲಷ್ಟೇ ವಾದಿಸುತ್ತಾರೆ. ನನ್ನ ದೃಷ್ಟಿಯಲ್ಲಿ ವಿಶ್ರಾಂತಿಯ ಹಕ್ಕು ಅದಕ್ಕಿಂತ ದೊಡ್ಡದು, ಏಕೆಂದರೆ ಬಾಕಿ ಉಳಿದ ಕೂಲಿಯನ್ನು ಮುಂದೆ ವಸೂಲಿ ಮಾಡಬಹುದು, ಕಳೆದುಹೋದ ನಿದ್ದೆಯನ್ನೂ ಅದರಿಂದ ಆದ ಅಪಘಾತವನ್ನೂ ಯಾವ ನ್ಯಾಯಾಲಯವೂ ಹಿಂದಿರುಗಿಸಲಾರದು.

ಮೊದಲ ಹೆಜ್ಜೆ: ನಿಮಗೆ ಅನ್ವಯಿಸುವ ನಿಯಮ ಯಾವುದೆಂದು ತಿಳಿದುಕೊಳ್ಳಿ

ನೇಮಕಾತಿ ಪತ್ರವನ್ನು ಹೊರತೆಗೆದು, ಕೆಲಸದ ಅವಧಿ, ಪಾಳಿ ಬದಲಾವಣೆ, ಹೆಚ್ಚುವರಿ ಕೆಲಸ ಎಂಬ ಮಾತುಗಳು ಬರುವ ಎಲ್ಲ ಸಾಲುಗಳನ್ನೂ ಗುರುತು ಹಾಕಿಕೊಂಡು ಓದಿ. ಬಹುತೇಕ ಪತ್ರಗಳಲ್ಲಿ, ಸಂಸ್ಥೆಯ ಅಗತ್ಯಕ್ಕೆ ತಕ್ಕಂತೆ ಹೆಚ್ಚಿನ ಅವಧಿ ಕೆಲಸ ಮಾಡಬೇಕಾಗುತ್ತದೆ ಎಂಬ ಸಾಲು ಇದ್ದೇ ಇರುತ್ತದೆ. ಅದನ್ನು ಕಂಡು ಎದೆಗುಂದಬೇಕಾಗಿಲ್ಲ. ಕಾನೂನು ಗೊತ್ತುಪಡಿಸಿದ ಕನಿಷ್ಠ ರಕ್ಷಣೆಯನ್ನು ಖಾಸಗಿ ಒಪ್ಪಂದದ ಮೂಲಕ ಬಿಟ್ಟುಕೊಡಲು ಸಾಮಾನ್ಯವಾಗಿ ಬರುವುದಿಲ್ಲ; ನೀವು ಸಹಿ ಹಾಕಿದ್ದರೂ ಆ ಮಟ್ಟಿಗೆ ಆ ಸಾಲು ನಿಲ್ಲುವುದಿಲ್ಲ. ಕಾನೂನಿನ ಮಿತಿಯೊಳಗಿನ ಹೆಚ್ಚುವರಿ ಕೆಲಸಕ್ಕೆ ಮಾತ್ರ ಅದು ನಿಮ್ಮನ್ನು ಕಟ್ಟಿಹಾಕಬಹುದು. ಕಾರ್ಮಿಕ ಸಂಘದೊಡನೆ ಆಡಳಿತ ಮಾಡಿಕೊಂಡ ಒಪ್ಪಂದವಿದ್ದರೆ ಅದರ ಪ್ರತಿಯನ್ನೂ ಪಡೆಯಿರಿ, ಏಕೆಂದರೆ ಕಾನೂನಿಗಿಂತ ಹೆಚ್ಚಿನ ಸೌಲಭ್ಯ ಹಲವು ಬಾರಿ ಅಲ್ಲಿರುತ್ತದೆ.

ಇನ್ನೊಂದು ಮುಖ್ಯ ಸಂಗತಿಯೆಂದರೆ ನಿಮ್ಮ ಹುದ್ದೆಯ ವರ್ಗ. ಅಮೆರಿಕದಲ್ಲಿ ಮಾಸಿಕ ಸಂಬಳದ ಆಡಳಿತಾತ್ಮಕ ಹಾಗೂ ವೃತ್ತಿಪರ ಹುದ್ದೆಗಳವರು ಹೆಚ್ಚುವರಿ ಕೂಲಿಯ ನಿಯಮದಿಂದ ಹೊರಗುಳಿಯುತ್ತಾರೆ. ಭಾರತದ ಕಾರ್ಮಿಕ ಸಂಹಿತೆಗಳಲ್ಲೂ ವ್ಯವಸ್ಥಾಪಕ ಹೊಣೆಯವರು ಕಾರ್ಮಿಕ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದರೆ ಹೆಸರಿಗೆ ಮ್ಯಾನೇಜರ್ ಎಂದಿದ್ದು, ಕೈಕೆಳಗೆ ಯಾರೂ ಇಲ್ಲದೆ, ಯಾವ ನಿರ್ಧಾರದ ಅಧಿಕಾರವೂ ಇಲ್ಲದೆ, ದಿನವಿಡೀ ಉಳಿದವರಂತೆಯೇ ಕೌಂಟರಿನಲ್ಲಿ ನಿಲ್ಲುವವರು ಎಷ್ಟೋ ಮಂದಿ ಇದ್ದಾರೆ. ನ್ಯಾಯಾಲಯಗಳು ನೋಡುವುದು ಹುದ್ದೆಯ ಹೆಸರನ್ನಲ್ಲ, ನಿತ್ಯ ಮಾಡುವ ಕೆಲಸವನ್ನು. ಆದ್ದರಿಂದ ನಿಮ್ಮ ಪದನಾಮವನ್ನು ತೋರಿಸಿ ಓಟಿ (ಓವರ್‌ಟೈಮ್, ಅಂದರೆ ಹೆಚ್ಚುವರಿ ಅವಧಿಯ ಕೆಲಸ ಮತ್ತು ಅದರ ಕೂಲಿ) ನಿಮಗೆ ಅನ್ವಯಿಸುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನೇ ಅಂತಿಮವೆಂದು ತಿಳಿಯಬೇಡಿ.

ಎರಡನೆಯ ಹೆಜ್ಜೆ: ಗಂಟೆಗಳನ್ನು ಕೂಡಿಸಿ

ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಮೊಟ್ಟಮೊದಲ ಒಡಂಬಡಿಕೆಯಲ್ಲೇ, 1919ರಲ್ಲಿ, ಕೈಗಾರಿಕೆಗಳಿಗೆ ಗೊತ್ತುಪಡಿಸಿತು. 1930ರಲ್ಲಿ ಅಂಗಡಿ ಮತ್ತು ಕಚೇರಿಗಳ ನೌಕರರಿಗೂ ಅದನ್ನು ವಿಸ್ತರಿಸಿತು. ಈಗ ದೇಶದಿಂದ ದೇಶಕ್ಕೆ ಅಂಕಿಗಳು ಬೇರೆಯಾಗುತ್ತವೆ. ಐರೋಪ್ಯ ಒಕ್ಕೂಟದ 2003ರ ನಿರ್ದೇಶನದ ಪ್ರಕಾರ ಹೆಚ್ಚುವರಿ ಕೆಲಸವೂ ಸೇರಿ ವಾರದ ಸರಾಸರಿ 48 ಗಂಟೆ ಮೀರಬಾರದು. ಆಸ್ಟ್ರೇಲಿಯಾದಲ್ಲಿ ಪೂರ್ಣಾವಧಿ ನೌಕರರ ವಾರ 38 ಗಂಟೆ. ಜಪಾನಿನಲ್ಲಿ ಹೆಚ್ಚುವರಿ ಕೆಲಸಕ್ಕೆ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆ ಎಂಬ ಸಾಮಾನ್ಯ ಮಿತಿಯುಂಟು. ಅಮೆರಿಕದ 1938ರ ಒಕ್ಕೂಟ ಕಾನೂನು ಮಾತ್ರ ವಯಸ್ಕರ ದುಡಿಮೆಗೆ ಗಂಟೆಗಳ ಮೇಲ್ಮಿತಿಯನ್ನೇ ಹಾಕದೆ, ವಾರಕ್ಕೆ 40 ಗಂಟೆ ದಾಟಿದರೆ ಹೆಚ್ಚು ಕೂಲಿ ಕೊಡಬೇಕೆಂದಷ್ಟೇ ಹೇಳುತ್ತದೆ.

ಲೆಕ್ಕ ಹಾಕುವಾಗ ಜನ ಬಿಟ್ಟುಬಿಡುವ ಗಂಟೆಗಳನ್ನು ಇಲ್ಲಿ ನೆನಪಿಸಬೇಕು. ಪಾಳಿ ಹಸ್ತಾಂತರಕ್ಕೆಂದು ಹದಿನೈದು ನಿಮಿಷ ಮೊದಲು ಬರುವುದು, ಗಲ್ಲಾ ಲೆಕ್ಕ ಮುಗಿಸಿ ಹೋಗಲು ತಡವಾಗಿ ಉಳಿಯುವುದು, ಕಡ್ಡಾಯ ತರಬೇತಿ ಇವೆಲ್ಲ ಸಾಮಾನ್ಯವಾಗಿ ಕೆಲಸದ ಸಮಯವೇ. ಕೆಲಸದ ಸ್ಥಳದಲ್ಲೇ ಇದ್ದು, ಕರೆದಾಗ ಏಳಲು ಸಿದ್ಧರಾಗಿರುವ ಸಮಯವೂ, ನಡುವೆ ಮಲಗಿ ನಿದ್ರಿಸಿದ್ದರೂ, ಪೂರ್ತಿಯಾಗಿ ಕೆಲಸದ ಸಮಯವೆಂದು ಐರೋಪ್ಯ ನ್ಯಾಯಾಲಯ ವೈದ್ಯರ ಪ್ರಕರಣಗಳಲ್ಲಿ 2000 ಮತ್ತು 2003ರಲ್ಲಿ ತೀರ್ಪು ನೀಡಿದೆ.

ಮೂರನೆಯ ಹೆಜ್ಜೆ: ನಿಮ್ಮ ಒಪ್ಪಿಗೆ ಬೇಕೇ ಎಂದು ನೋಡಿ

ಬೇಡವೆನ್ನುವ ಹಕ್ಕು ನನಗಿದೆಯೇ ಎಂಬ ಪ್ರಶ್ನೆಗೆ ಎಲ್ಲ ಕಡೆ ಒಂದೇ ಉತ್ತರವಿಲ್ಲ. ಭಾರತದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ, ಔದ್ಯೋಗಿಕ ಸುರಕ್ಷತೆ ಮತ್ತು ಕೆಲಸದ ಸ್ಥಿತಿಗತಿಗಳನ್ನು ಕುರಿತ 2020ರ ಸಂಹಿತೆ, ಕಾರ್ಮಿಕರ ಸಮ್ಮತಿಗೆ ಒಳಪಟ್ಟೇ ಹೆಚ್ಚುವರಿ ಅವಧಿಯ ಕೆಲಸ ಪಡೆಯಬೇಕು ಎನ್ನುತ್ತದೆ. ಬ್ರಿಟನ್ನಿನಲ್ಲಿ ಸರಾಸರಿ 48 ಗಂಟೆಯ ಮಿತಿಯನ್ನು ದಾಟಲು ನೌಕರರ ಲಿಖಿತ ಒಪ್ಪಿಗೆ ಬೇಕು; ಆ ಒಪ್ಪಿಗೆಯನ್ನು ಕನಿಷ್ಠ 7 ದಿನಗಳ ಮುನ್ಸೂಚನೆ ಕೊಟ್ಟು ಹಿಂಪಡೆಯಬಹುದು, ಆ ಮುನ್ಸೂಚನೆಯ ಅವಧಿಯನ್ನು ಒಪ್ಪಂದದಲ್ಲಿ ಗರಿಷ್ಠ ಮೂರು ತಿಂಗಳವರೆಗೆ ಮಾತ್ರ ಹಿಗ್ಗಿಸಬಹುದು. ಕೆಲಸಕ್ಕೆ ಸೇರಿದ ದಿನ ಹತ್ತು ಕಾಗದಗಳ ನಡುವೆ ಇದಕ್ಕೂ ಸಹಿ ಹಾಕಿ ಮರೆತವರು, ಅದನ್ನು ಹಿಂಪಡೆಯಬಹುದೆಂಬುದನ್ನು ತಿಳಿದಿರುವುದೇ ಅಪರೂಪ. ಜಪಾನಿನಲ್ಲಿ ಒಪ್ಪಿಗೆ ಸಾಮೂಹಿಕವಾದದ್ದು. ಅಲ್ಲಿನ ಕಾರ್ಮಿಕ ಮಾನದಂಡ ಕಾಯ್ದೆಯ 36ನೇ ಕಲಮಿನಂತೆ ನೌಕರರ ಪ್ರತಿನಿಧಿಗಳೊಡನೆ ಒಪ್ಪಂದ ಮಾಡಿಕೊಂಡು ಅದನ್ನು ಸರಕಾರಿ ಕಚೇರಿಗೆ ಸಲ್ಲಿಸದ ಹೊರತು ಹೆಚ್ಚುವರಿ ಕೆಲಸ ಹೇಳುವಂತೆಯೇ ಇಲ್ಲ.

ಆಸ್ಟ್ರೇಲಿಯಾದ 2009ರ ಕಾನೂನು ಅನುಸರಿಸುವ ಅಳತೆ ನನಗೆ ಅತ್ಯಂತ ವಿವೇಕದ್ದೆನಿಸುತ್ತದೆ. ಹೆಚ್ಚುವರಿ ಗಂಟೆಗಳು ಸಮಂಜಸವಲ್ಲದಿದ್ದರೆ ನೌಕರರು ನಿರಾಕರಿಸಬಹುದು; ಸಮಂಜಸವೇ ಎಂದು ತೀರ್ಮಾನಿಸುವಾಗ ಆರೋಗ್ಯ ಮತ್ತು ಸುರಕ್ಷತೆಗೆ ಒದಗುವ ಅಪಾಯ, ನೌಕರರ ಕುಟುಂಬದ ಹೊಣೆಗಾರಿಕೆ, ಸಂಸ್ಥೆಯ ಅಗತ್ಯ, ಎಷ್ಟು ಮುಂಚಿತವಾಗಿ ತಿಳಿಸಲಾಯಿತು, ಹೆಚ್ಚು ಕೂಲಿ ಸಿಗುತ್ತದೆಯೇ ಮುಂತಾದವುಗಳನ್ನು ನೋಡಬೇಕು. ನಿಮ್ಮ ದೇಶದ ಕಾನೂನು ಬೇರೆಯಾಗಿದ್ದರೂ ನಿಮ್ಮ ಉತ್ತರವನ್ನು ಈ ಅಂಶಗಳ ಸುತ್ತ ಕಟ್ಟುವುದು ಒಳ್ಳೆಯದು, ಏಕೆಂದರೆ ಯಾವುದೇ ವಿಚಾರಣೆಯಲ್ಲಿ ಕೊನೆಗೆ ಕೇಳುವುದು ಇವನ್ನೇ. ಐರೋಪ್ಯ ಒಕ್ಕೂಟದ 2019ರ ಇನ್ನೊಂದು ನಿರ್ದೇಶನ, ನಿಗದಿತ ವೇಳಾಪಟ್ಟಿಯಿಲ್ಲದೆ ಕರೆದಾಗ ಬರಬೇಕಾದ ನೌಕರರಿಗೆ, ಮೊದಲೇ ತಿಳಿಸಿದ ದಿನ ಮತ್ತು ಗಂಟೆಗಳ ಹೊರಗೆ ಕರೆದರೆ ಅಥವಾ ಸಾಕಷ್ಟು ಮುನ್ಸೂಚನೆ ಕೊಡದೆ ಕರೆದರೆ ನಿರಾಕರಿಸುವ ಹಕ್ಕನ್ನು ಕೊಟ್ಟಿದೆ.

ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಹೀಗೆ ನಿರಾಕರಿಸುವ ಸಾಮಾನ್ಯ ಹಕ್ಕಿಲ್ಲ. ಕೂಲಿ ಸರಿಯಾಗಿ ಕೊಡುವವರೆಗೆ ಕಡ್ಡಾಯ ಓಟಿ ಕಾನೂನುಬದ್ಧವೇ. ಆದರೂ ನ್ಯೂಯಾರ್ಕ್ ಸೇರಿದಂತೆ ಹಲವು ರಾಜ್ಯಗಳು ತುರ್ತು ಪರಿಸ್ಥಿತಿಯ ಹೊರತು ದಾದಿಯರ ಮೇಲೆ ಕಡ್ಡಾಯ ಓಟಿ ಹೇರುವುದನ್ನು ನಿಷೇಧಿಸಿವೆ.

ತುರ್ತು ಎಂಬ ಮಾತಿನ ಬಗ್ಗೆ ಎಚ್ಚರವಿರಲಿ. ಅಪಘಾತ, ಯಂತ್ರಗಳ ತುರ್ತು ದುರಸ್ತಿ, ಪ್ರಕೃತಿ ವಿಕೋಪದಂಥ ಸಂದರ್ಭಗಳಿಗೆ 1919ರ ಒಡಂಬಡಿಕೆಯೂ ವಿನಾಯಿತಿ ಕೊಟ್ಟಿದೆ, ಅದು ನ್ಯಾಯವೂ ಹೌದು. ಆದರೆ ಪ್ರತಿ ವಾರವೂ ಜನ ಕಡಿಮೆ ಬೀಳುತ್ತಿದ್ದರೆ ಅದು ತುರ್ತಲ್ಲ, ಬೇಕಾದಷ್ಟು ಜನರನ್ನು ನೇಮಿಸಿಕೊಂಡಿಲ್ಲವೆಂಬುದರ ಗುರುತು. ಇನ್ನು ಗೇಟಿಗೆ ಬೀಗ ಹಾಕುವುದು, ಗುರುತಿನ ದಾಖಲೆಗಳನ್ನು ಇಟ್ಟುಕೊಳ್ಳುವುದು, ಉಳಿಯದಿದ್ದರೆ ಈಗಾಗಲೇ ದುಡಿದ ಕೂಲಿಯನ್ನೂ ಕೊಡುವುದಿಲ್ಲವೆನ್ನುವುದು ಓಟಿಯ ವ್ಯಾಪ್ತಿಯನ್ನೇ ಮೀರಿದ ಸಂಗತಿಗಳು. ದಂಡನೆಯ ಬೆದರಿಕೆಯಿಂದ, ಸ್ವಇಚ್ಛೆಯಿಲ್ಲದೆ ಪಡೆಯುವ ದುಡಿಮೆಯನ್ನು 1930ರ ಅಂತರರಾಷ್ಟ್ರೀಯ ಒಡಂಬಡಿಕೆ ಬಲವಂತದ ದುಡಿಮೆ ಎಂದೇ ಕರೆಯುತ್ತದೆ. ಅಂಥ ಕಡೆ ಆಡಳಿತದೊಡನೆ ಪತ್ರ ವ್ಯವಹಾರ ಮಾಡುತ್ತ ಕೂರದೆ ಪೊಲೀಸರ ಅಥವಾ ಕಾರ್ಮಿಕ ಇಲಾಖೆಯ ನೆರವನ್ನು ನೇರವಾಗಿ ಪಡೆಯಬೇಕು.

ನಾಲ್ಕನೆಯ ಹೆಜ್ಜೆ: ಎರಡು ಪಾಳಿಗಳ ನಡುವಿನ ಅಂತರವನ್ನು ಅಳೆಯಿರಿ

ಒಂದು ನಿದರ್ಶನವನ್ನು ಹತ್ತಿರದಿಂದ ನೋಡೋಣ. ಮಧ್ಯಾಹ್ನ 2ರಿಂದ ರಾತ್ರಿ 10ರ ಪಾಳಿಯಲ್ಲಿರುವ ಒಬ್ಬರನ್ನು ರಾತ್ರಿ ಪಾಳಿಗೂ ಉಳಿಸಿಕೊಂಡು ಬೆಳಿಗ್ಗೆ 6ಕ್ಕೆ ಬಿಟ್ಟು, ಅದೇ ದಿನ ಮಧ್ಯಾಹ್ನ 2ಕ್ಕೆ ಮತ್ತೆ ಬರಲು ಹೇಳಲಾಗಿದೆ ಎಂದುಕೊಳ್ಳಿ. ಕಾಗದದ ಮೇಲೆ ಎಂಟು ಗಂಟೆಯ ಬಿಡುವು ಕಾಣುತ್ತದೆ. ಹೋಗಿಬರಲು ಎರಡು ಗಂಟೆ, ಸ್ನಾನ, ಊಟ ಮತ್ತು ಮನೆಗೆಲಸಕ್ಕೆ ಒಂದೂವರೆ ಗಂಟೆ ಕಳೆದರೆ ಹಗಲು ಬೆಳಕಿನಲ್ಲಿ ನಿದ್ರಿಸಲು ಉಳಿಯುವುದು ನಾಲ್ಕೂವರೆ ಗಂಟೆ. ಆ ನೌಕರರು ಮೊದಲ ದಿನ ಬೆಳಿಗ್ಗೆ 7ಕ್ಕೆ ಎದ್ದಿದ್ದರೆ, ನಡುರಾತ್ರಿಯ ಹೊತ್ತಿಗೆ ಎಚ್ಚರವಾಗಿದ್ದು 17 ಗಂಟೆ ಕಳೆದಿರುತ್ತದೆ. ಅಷ್ಟು ಹೊತ್ತು ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯದ ಅಂಶವಿರುವವರ ಮಟ್ಟಕ್ಕೆ ಕುಸಿಯುತ್ತದೆಂದು ದಣಿವಿನ ಕುರಿತ ಪ್ರಯೋಗಗಳು ತೋರಿಸಿವೆ. ಅದೇ ಸ್ಥಿತಿಯಲ್ಲಿ ಅವರು ಇನ್ನೂ ಆರು ಗಂಟೆ ಯಂತ್ರದ ಮುಂದೆ, ರೋಗಿಯ ಪಕ್ಕದಲ್ಲಿ ಅಥವಾ ವಾಹನದ ಚಾಲಕನ ಸೀಟಿನಲ್ಲಿ ಇರಬೇಕಾಗುತ್ತದೆ.

ಐರೋಪ್ಯ ನಿಯಮದಂತೆ ಪ್ರತಿ 24 ಗಂಟೆಗಳಲ್ಲಿ ಸತತ 11 ಗಂಟೆ ವಿಶ್ರಾಂತಿ ಸಿಗಬೇಕು. ಮೇಲಿನ ವೇಳಾಪಟ್ಟಿ ಅಲ್ಲಿ ನೇರ ಉಲ್ಲಂಘನೆ. ಆಸ್ಪತ್ರೆ, ಭದ್ರತೆಯಂಥ ಕೆಲವು ಸೇವೆಗಳಿಗೆ ಸಡಿಲಿಕೆಯಿದ್ದರೂ ತಪ್ಪಿದ ವಿಶ್ರಾಂತಿಗೆ ಸಮನಾದ ಬದಲಿ ವಿಶ್ರಾಂತಿಯನ್ನು ಕೊಡಲೇಬೇಕು. ವಾರಕ್ಕೆ ಸತತ 24 ಗಂಟೆಯ ಬಿಡುವನ್ನು 1921ರಲ್ಲೇ ಅಂತರರಾಷ್ಟ್ರೀಯ ಒಡಂಬಡಿಕೆ ಹೇಳಿದೆ. ವಾರದ ರಜೆಯ ದಿನ ಕರೆದರೆ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಿ: ಇದಕ್ಕೆ ಹೆಚ್ಚು ಕೂಲಿ ಎಷ್ಟು, ಬದಲಿ ರಜೆ ಯಾವ ದಿನ? ಯಾವಾಗಲಾದರೂ ತೆಗೆದುಕೊಳ್ಳಿ ಎಂಬ ಉತ್ತರವನ್ನು ಒಪ್ಪಬೇಡಿ, ದಿನಾಂಕವನ್ನು ಬರೆಸಿಕೊಳ್ಳಿ.

ದೀರ್ಘಕಾಲದ ಹಾನಿಯೂ ಊಹೆಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ, 35ರಿಂದ 40 ಗಂಟೆ ದುಡಿಯುವವರಿಗಿಂತ ಸುಮಾರು ಶೇಕಡಾ 35ರಷ್ಟು ಹೆಚ್ಚು. ದುಡಿಮೆಯ ದೀರ್ಘ ಅವಧಿಗೆ ಸಂಬಂಧಿಸಿದ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ 2016ರ ಒಂದೇ ವರ್ಷದಲ್ಲಿ ಸುಮಾರು 7 ಲಕ್ಷ 45 ಸಾವಿರ ಜನ ಸತ್ತಿದ್ದಾರೆ. ಗರ್ಭಿಣಿಯರು, ಬಾಣಂತಿಯರು ಮತ್ತು ದೀರ್ಘಕಾಲದ ಕಾಯಿಲೆಯಿರುವವರು ವೈದ್ಯರ ಪತ್ರವನ್ನು ಆದೇಶ ಬರುವುದಕ್ಕೆ ಮೊದಲೇ ಸಂಸ್ಥೆಗೆ ಕೊಟ್ಟು ಸ್ವೀಕೃತಿ ಪಡೆದಿರುವುದು ಲೇಸು. ಜೀವಕ್ಕೆ ತಕ್ಷಣದ, ಗಂಭೀರ ಅಪಾಯವಿದೆಯೆಂದು ನಂಬಲು ತಕ್ಕ ಕಾರಣವಿದ್ದು ಕೆಲಸದಿಂದ ಹಿಂದೆ ಸರಿದವರನ್ನು ದಂಡಿಸಬಾರದೆಂದು 1981ರ ಸುರಕ್ಷತಾ ಒಡಂಬಡಿಕೆ ಹೇಳುತ್ತದೆ. 2022ರಿಂದ ಅದು ಮೂಲಭೂತ ಒಡಂಬಡಿಕೆಗಳ ಸಾಲಿಗೆ ಸೇರಿದೆ.

ಐದನೆಯ ಹೆಜ್ಜೆ: ಕೂಲಿಯ ದರ ಮತ್ತು ಅದರ ಬುನಾದಿ

1919ರ ಒಡಂಬಡಿಕೆಯ ಕನಿಷ್ಠ ದರ ಸಾಮಾನ್ಯ ಕೂಲಿಯ ಒಂದೂಕಾಲು ಪಟ್ಟು. ಅಮೆರಿಕದಲ್ಲಿ ಒಂದೂವರೆ ಪಟ್ಟು, ಭಾರತದಲ್ಲಿ ಎರಡು ಪಟ್ಟು. ಫ್ರಾನ್ಸಿನಲ್ಲಿ 35 ಗಂಟೆಯ ಮೇಲಿನ ಮೊದಲ 8 ಗಂಟೆಗಳಿಗೆ, ಬೇರೆ ಸಾಮೂಹಿಕ ಒಪ್ಪಂದವಿಲ್ಲದಿದ್ದರೆ, ಶೇಕಡಾ 25, ಆಮೇಲೆ ಶೇಕಡಾ 50 ಹೆಚ್ಚಳ.

ಪಟ್ಟು ಎಷ್ಟು ಎಂಬುದಕ್ಕಿಂತ ಯಾವುದರ ಪಟ್ಟು ಎಂಬಲ್ಲಿಯೇ ಮೋಸ ನಡೆಯುವುದು. ನಿಮ್ಮ ಗಂಟೆಯ ಒಟ್ಟು ಕೂಲಿ 100 ಇದ್ದು, ಅದರಲ್ಲಿ ಮೂಲವೇತನ 60, ಉಳಿದದ್ದು ಭತ್ಯೆಗಳು ಎಂದಿರಲಿ. ಎಂಟು ಗಂಟೆಯ ಹೆಚ್ಚುವರಿ ಪಾಳಿಗೆ ಎರಡು ಪಟ್ಟಿನ ಲೆಕ್ಕದಲ್ಲಿ 1600 ಬರಬೇಕು. ಮೂಲವೇತನವನ್ನಷ್ಟೇ ಹಿಡಿದು ಲೆಕ್ಕ ಹಾಕಿದರೆ 960 ಬರುತ್ತದೆ, ಸಂಬಳದ ಚೀಟಿಯಲ್ಲಿ ಡಬಲ್ ಓಟಿ ಎಂದೇ ಬರೆದಿರುತ್ತದೆ. ಯಾವ ಭತ್ಯೆಗಳು ಲೆಕ್ಕಕ್ಕೆ ಸೇರುತ್ತವೆ ಎಂಬುದನ್ನು ನಿಮ್ಮ ಕಾನೂನಿನ ಕೂಲಿಯ ವ್ಯಾಖ್ಯೆಯಲ್ಲಿ ನೋಡಬೇಕು. ಭಾರತದ ವೇತನ ಸಂಹಿತೆಯಲ್ಲಿ, ವ್ಯಾಖ್ಯೆಯಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ ಭಾಗವೂ ಕೂಲಿಯೆಂದೇ ಎಣಿಕೆಯಾಗುತ್ತದೆ. ಅಮೆರಿಕದಲ್ಲಿ ರಾತ್ರಿ ಪಾಳಿಯ ಹೆಚ್ಚುವರಿ ಮೊತ್ತವನ್ನೂ ಮೊದಲೇ ಗೊತ್ತುಪಡಿಸಿದ ಬೋನಸ್ಸನ್ನೂ ಸೇರಿಸಿಯೇ ದರ ಕಟ್ಟಬೇಕು.

ಇನ್ನೊಂದು ತಂತ್ರ ಎರಡು ವಾರಗಳನ್ನು ಕೂಡಿಸುವುದು. ಈ ವಾರ 56 ಗಂಟೆ ದುಡಿಸಿ, ಮುಂದಿನ ವಾರ 24 ಗಂಟೆಯಷ್ಟೇ ಕೆಲಸ ಕೊಟ್ಟು, ಸರಾಸರಿ 40 ಆಯಿತು, ಓಟಿ ಇಲ್ಲ ಎನ್ನುವುದು. ಅಮೆರಿಕದಲ್ಲಿ ಪ್ರತಿ ವಾರವೂ ಸ್ವತಂತ್ರ ಲೆಕ್ಕವಾದ್ದರಿಂದ ಇದಕ್ಕೆ ಅವಕಾಶವಿಲ್ಲ, ಆಸ್ಪತ್ರೆಗಳಿಗೆ ಮಾತ್ರ ಹದಿನಾಲ್ಕು ದಿನಗಳ ಪ್ರತ್ಯೇಕ ಕ್ರಮವಿದೆ. ಕೂಲಿಯ ಬದಲು ಕಾಂಪ್ ಆಫ್ (ಬದಲಿ ರಜೆ) ಕೊಡುವುದೂ ಎಲ್ಲ ಕಡೆ ಸರಿಯಲ್ಲ; ಅಮೆರಿಕದ ಖಾಸಗಿ ಸಂಸ್ಥೆಗಳು ಓಟಿಗೆ ಅರ್ಹರಾದ ನೌಕರರಿಗೆ ಹಾಗೆ ಮಾಡುವಂತಿಲ್ಲ.

ಆರನೆಯ ಹೆಜ್ಜೆ: ಅದೇ ದಿನ ಬರಹದಲ್ಲಿ ಉತ್ತರಿಸಿ

ಬಾಯಿಮಾತಿನ ಆದೇಶಕ್ಕೆ ಬಾಯಿಮಾತಿನಲ್ಲಷ್ಟೇ ಉತ್ತರಿಸಿದರೆ ನಾಳೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದೇಶ ಕೊಟ್ಟವರು ಬರೆದು ಕೊಡದಿದ್ದರೆ, ನೀವೇ ಇಮೇಲಿನಲ್ಲೋ ಸಂದೇಶದಲ್ಲೋ ಅದನ್ನು ದಾಖಲಿಸಿ. ಹೀಗೆ ಬರೆಯಬಹುದು:

"ಮಾನ್ಯರೇ, ಇಂದು ರಾತ್ರಿ 9.30ಕ್ಕೆ ತಾವು ನನಗೆ ರಾತ್ರಿ 10ರಿಂದ ಬೆಳಿಗ್ಗೆ 6ರ ಪಾಳಿಯಲ್ಲೂ ಮುಂದುವರಿಯುವಂತೆ ಮೌಖಿಕವಾಗಿ ತಿಳಿಸಿರುತ್ತೀರಿ. ನಾನು ಮಧ್ಯಾಹ್ನ 2ರಿಂದ ಕೆಲಸದಲ್ಲಿದ್ದು, ಈ ವಾರ ಈಗಾಗಲೇ 48 ಗಂಟೆಗಳನ್ನು ಪೂರೈಸಿರುತ್ತೇನೆ. ಸತತ 16 ಗಂಟೆಗಳ ಕೆಲಸ ನನಗೂ ನನ್ನ ಸುತ್ತಲಿನವರಿಗೂ ಸುರಕ್ಷಿತವಲ್ಲವಾದ್ದರಿಂದ ಪೂರ್ಣ ಪಾಳಿಗೆ ಒಪ್ಪಲು ಸಾಧ್ಯವಿಲ್ಲ. ಬದಲಿ ವ್ಯವಸ್ಥೆಯಾಗುವವರೆಗೆ ರಾತ್ರಿ 12ರವರೆಗೆ ಇರಲು ಸಿದ್ಧನಿದ್ದೇನೆ. ಈ ಅವಧಿಯ ಹೆಚ್ಚುವರಿ ಕೂಲಿಯನ್ನೂ ನಾಳೆಯ ಪಾಳಿಗೆ ಮೊದಲು ಸಾಕಷ್ಟು ವಿಶ್ರಾಂತಿಯನ್ನೂ ನೀಡಬೇಕೆಂದು ಕೋರುತ್ತೇನೆ."

ಇದರಲ್ಲಿ ಸಿಟ್ಟಿಲ್ಲ, ಆರೋಪವಿಲ್ಲ. ಏನು ಹೇಳಲಾಯಿತು, ಎಷ್ಟು ಗಂಟೆಯಾಗಿದೆ, ಎಷ್ಟರ ಮಟ್ಟಿಗೆ ಸಾಧ್ಯ ಎಂಬುದಷ್ಟೇ ಇದೆ. ಭಾಗಶಃ ಒಪ್ಪುವ ಸಾಲು ಬಹಳ ಉಪಯುಕ್ತ, ಏಕೆಂದರೆ ಮುಂದೆ ಅವಿಧೇಯತೆಯ ಆರೋಪ ಬಂದರೆ ನೀವು ಹಟ ಹಿಡಿದಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಒಪ್ಪದೆ ಬೇರೆ ದಾರಿಯೇ ಇಲ್ಲವೆನಿಸಿದರೆ, ನನ್ನ ಆಕ್ಷೇಪಣೆಯೊಂದಿಗೆ ಈ ಪಾಳಿ ಮಾಡುತ್ತಿದ್ದೇನೆ ಎಂದು ಬರೆದೇ ಕೆಲಸ ಮಾಡಿ. ಮಾಡಿದ ಮೇಲೆ ದೂರಲು ಬರುವುದಿಲ್ಲವೆಂಬುದು ತಪ್ಪು ತಿಳಿವಳಿಕೆ. ಒಂದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ: ನಿರಾಕರಣೆಯನ್ನು ತಿಳಿಸದೆ ಜಾಗ ಬಿಟ್ಟು ಹೋಗುವುದು. ರೋಗಿಗಳನ್ನು ನೋಡಿಕೊಳ್ಳುವವರಿಗೆ, ಬಾಯ್ಲರ್ ಅಥವಾ ಕಂಟ್ರೋಲ್ ರೂಮಿನಲ್ಲಿರುವವರಿಗೆ ಇದು ಇನ್ನೂ ಮುಖ್ಯ. ಅವರು ಹೊಣೆಯನ್ನು ಇನ್ನೊಬ್ಬರಿಗೆ ವಹಿಸಿ, ವಹಿಸಿದ ಸಮಯವನ್ನು ಬರೆದಿಟ್ಟೇ ಹೊರಡಬೇಕು.

ಏಳನೆಯ ಹೆಜ್ಜೆ: ಸ್ವಂತ ದಾಖಲೆ ಇಟ್ಟುಕೊಳ್ಳಿ

ನೌಕರರು ದಿನವೂ ಎಷ್ಟು ಹೊತ್ತು ದುಡಿದರೆಂದು ಅಳೆಯುವ ನಂಬಲರ್ಹ ವ್ಯವಸ್ಥೆ ಮಾಲೀಕರ ಹೊಣೆಯೆಂದು ಐರೋಪ್ಯ ನ್ಯಾಯಾಲಯ 2019ರಲ್ಲಿ ಹೇಳಿದೆ. ಆದರೆ ಹೊರಗೆ ಹೋಗುವ ಹಾಜರಿ ಪಂಚನ್ನು ಎಂಟು ಗಂಟೆಯ ಕೆಲಸ ತುಂಬುತ್ತಲೇ ಮಾಡಿಸಿ ಮತ್ತೆ ಒಳಗೆ ಕರೆಯುವ ಕಡೆಗಳಲ್ಲಿ ಸಂಸ್ಥೆಯ ದಾಖಲೆ ಸುಳ್ಳನ್ನೇ ಹೇಳುತ್ತದೆ. ದಿನಾಂಕ, ಒಳಬಂದ ಸಮಯ, ಹೊರಬಿದ್ದ ಸಮಯ, ಬಿಡುವು, ಉಳಿಯಲು ಹೇಳಿದವರು, ಕಾರಣ ಇಷ್ಟನ್ನು ಒಂದು ನೋಟ್ ಪುಸ್ತಕದಲ್ಲಿ ಆಯಾ ದಿನವೇ ಬರೆಯಿರಿ. ರೋಸ್ಟರ್ (ಪಾಳಿಯ ಪಟ್ಟಿ) ಬದಲಾದಾಗಲೆಲ್ಲ ಹಳೆಯದರ ಮತ್ತು ಹೊಸದರ ಫೋಟೊ ತೆಗೆದಿಡಿ. ಸಂಬಳದ ಚೀಟಿಗಳನ್ನು ಕಚೇರಿಯ ಇಮೇಲಿನಲ್ಲಿ ಬಿಡದೆ ಸ್ವಂತ ಜಾಗದಲ್ಲಿ ಉಳಿಸಿಕೊಳ್ಳಿ, ಏಕೆಂದರೆ ಕೆಲಸದಿಂದ ತೆಗೆದ ದಿನವೇ ಆ ಇಮೇಲ್ ಮುಚ್ಚಿಹೋಗುತ್ತದೆ. ರೋಗಿಗಳ, ಗ್ರಾಹಕರ ಅಥವಾ ವ್ಯಾಪಾರದ ಗುಟ್ಟಿನ ಮಾಹಿತಿಯನ್ನು ಮಾತ್ರ ನಕಲು ಮಾಡಬೇಡಿ. ನಿಮ್ಮ ಮೇಲೆಯೇ ಕ್ರಮ ಜರುಗಿಸಲು ಅದು ನೆಪವಾಗುತ್ತದೆ.

ಎಂಟನೆಯ ಹೆಜ್ಜೆ: ಒಟ್ಟಾಗಿ ಕೇಳಿ, ಬಗೆಹರಿಯದಿದ್ದರೆ ಅವಧಿಯೊಳಗೆ ದೂರಿ

ಒಬ್ಬರೇ ಕೇಳಿದರೆ ತೊಂದರೆ ಕೊಡುವವರೆಂಬ ಹಣೆಪಟ್ಟಿ ಬೀಳುತ್ತದೆ, ಅದೇ ಪಾಳಿಯ ಎಲ್ಲರೂ ಸಹಿ ಹಾಕಿ ಕೇಳಿದರೆ ಅದು ವೇಳಾಪಟ್ಟಿಯ ಸಮಸ್ಯೆಯಾಗುತ್ತದೆ. ಸಂಘವಿದ್ದರೆ ಅದರ ಮೂಲಕವೇ ಹೋಗಿ. ಸಂಘವಿಲ್ಲದ ಕಡೆಯೂ ಅಮೆರಿಕದ 1935ರ ಕಾನೂನು, ಇಬ್ಬರು ಮೂವರು ನೌಕರರು ಕೂಡಿ ಕೆಲಸದ ಸ್ಥಿತಿಗತಿಗಳ ಬಗ್ಗೆ ಮಾತನಾಡುವುದನ್ನೂ ಬೇಡಿಕೆ ಇಡುವುದನ್ನೂ ರಕ್ಷಿಸುತ್ತದೆ. ಬೇಡಿಕೆ ಸ್ಪಷ್ಟವಾಗಿರಲಿ: ಹೆಚ್ಚುವರಿ ಪಾಳಿಯನ್ನು ಇಷ್ಟು ಗಂಟೆ ಮೊದಲು ತಿಳಿಸಬೇಕು, ಸರದಿಯ ಪ್ರಕಾರ ಹಂಚಬೇಕು, ಸ್ವಇಚ್ಛೆಯಿಂದ ಬರುವವರನ್ನು ಮೊದಲು ಕೇಳಬೇಕು. ಈ ಮೂರು ಮಾತುಗಳನ್ನು ಒಪ್ಪಿಕೊಂಡ ಕಡೆ ಜಗಳದ ಬಹುಪಾಲು ತಾನಾಗಿ ತಗ್ಗುತ್ತದೆ.

ಅಲ್ಲಿಗೂ ಬಗೆಹರಿಯದಿದ್ದರೆ ಎಚ್‌ಆರ್ ವಿಭಾಗಕ್ಕೆ ಲಿಖಿತ ದೂರು ಕೊಟ್ಟು, ಅದರ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಗೆ ಅಥವಾ ನಿಮ್ಮ ದೇಶದ ತತ್ಸಮಾನ ಪ್ರಾಧಿಕಾರಕ್ಕೆ ಹೋಗಿ. ದೂರು ಕೊಟ್ಟ ನಂತರ ದೂರದ ಜಾಗಕ್ಕೆ ವರ್ಗ, ಪಾಳಿ ಕಡಿತ, ಕಾರಣ ಕೇಳುವ ನೋಟಿಸ್ ಬಂದರೆ ಅವುಗಳ ದಿನಾಂಕವನ್ನು ಗಮನಿಸಿ. ದೂರಿಗೂ ಶಿಕ್ಷೆಗೂ ನಡುವಿನ ಅಂತರ ಕಡಿಮೆಯಿದ್ದಷ್ಟೂ ಅದು ಸೇಡಿನ ಕ್ರಮವೆಂದು ತೋರಿಸುವುದು ಸುಲಭ. ನೋಟಿಸಿಗೆ ಅದರಲ್ಲಿ ಹೇಳಿದ ಗಡುವಿನೊಳಗೆ, ಆರನೆಯ ಹೆಜ್ಜೆಯ ಪತ್ರಗಳನ್ನು ಲಗತ್ತಿಸಿ, ಉತ್ತರ ಕೊಡಲೇಬೇಕು.

ಕಾಲಮಿತಿಯ ವಿಚಾರದಲ್ಲಿ ಸಡಿಲ ಬಿಡಬೇಡಿ. ಬಾಕಿ ಓಟಿ ಕೂಲಿಯನ್ನು ಕೇಳಲು ಅಮೆರಿಕದಲ್ಲಿ ಎರಡು ವರ್ಷ, ಮಾಲೀಕರು ಗೊತ್ತಿದ್ದೂ ತಪ್ಪಿಸಿದ್ದರೆ ಮೂರು ವರ್ಷ. ಭಾರತದ ವೇತನ ಸಂಹಿತೆಯಲ್ಲಿ ಮೂರು ವರ್ಷ. ಆದರೆ ಕೆಲಸದಿಂದ ವಜಾ ಮಾಡಿದ್ದನ್ನು ಪ್ರಶ್ನಿಸುವ ಅವಧಿ ಇದಕ್ಕಿಂತ ಬಹಳ ಚಿಕ್ಕದಾಗಿರಬಹುದು: ಆಸ್ಟ್ರೇಲಿಯಾದಲ್ಲಿ ಅದು ಕೇವಲ 21 ದಿನ. ಹೀಗಾಗಿ ವಜಾ ಆದೇಶ ಕೈಗೆ ಬಂದ ದಿನವೇ ಸಂಘದವರನ್ನು ಅಥವಾ ಕಾರ್ಮಿಕ ವಕೀಲರನ್ನು ಕಂಡು, ದೂರು ಸಲ್ಲಿಸಲು ಕೊನೆಯ ದಿನ ಯಾವುದೆಂದು ಮೊದಲು ಕೇಳಿ. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ರೋಸ್ಟರಿನ ಫೋಟೊಗಳು ಮತ್ತು ನೋಟ್ ಪುಸ್ತಕ ಆ ಮೊದಲ ಭೇಟಿಯಲ್ಲೇ ನಿಮ್ಮ ಜೊತೆಗಿರಲಿ.